ಕೌದಿಗೆ ಯಾವ ಬಟ್ಟೆ, ಯಾವ ಬಣ್ಣ? ಗೊತ್ತಿದ್ದವರು ಹೇಳಿ

ಪ್ರಶ್ನೆ, ಶಿರಸಿಯಿಂದ

60×90 ಇಂಚಿನ ಒಂದು ಕೌದಿ (ಹಳೇ ಬಟ್ಟೆಯ ಪದರ ಸೇರಿಸಿದ ಹೊದಿಕೆ) ಹೊಲಿಯಬೇಕು. ಮೇಲ್ಪದರಕ್ಕೆ ಆರಿಂಚಿನ ಚೌಕಗಳು, ಅಡ್ಡಕ್ಕೆ 10, ಉದ್ದಕ್ಕೆ 15, ಒಟ್ಟು 150. ಮನೆಯಲ್ಲಿ ಇರುವುದು: ನಾಲ್ಕು ಹಳೇ ಕಾಟನ್ ಸೀರೆ, ಎರಡು ಬಿಳಿ ಪಂಚೆ (ಒಂದಕ್ಕೆ ಅಡಕೆ ಚೊಗರಿನ, ಅಂದರೆ ಅಡಕೆ ಬೇಯಿಸಿದ ರಸದ ಕಲೆ), ಒಂದು ಇಳಕಲ್, ಒಂದು ಸಿಂಥೆಟಿಕ್ ಸೀರೆ, ಅರಿಶಿನ-ಕುಂಕುಮಕ್ಕೆ ಬಂದ ಹನ್ನೆರಡು ರವಿಕೆ ಕಣ. ಯಾವುದು ಮೇಲೆ, ಯಾವುದು ಒಳಗೆ? ಎಲ್ಲ ಹರಡಿ ನೋಡಿದರೆ ಮಾರಿಕಾಂಬಾ ಜಾತ್ರೆಯ ಬಳೆ ಅಂಗಡಿ ಹಾಗೆ ಕಾಣ್ತದೆ. ಬಣ್ಣ ಹೊಂದಿಸೋದು ಹೇಗೆ?

ಕುಮಟಾದಿಂದ

ಬಣ್ಣ ಆಮೇಲೆ ಅಕ್ಕಾ, ಮೊದಲು ಬಟ್ಟೆ ವಿಂಗಡಿಸಿ. ಸಿಂಥೆಟಿಕ್ ಸೀರೆ ಪಕ್ಕಕ್ಕಿಡಿ. ಅದು ಕುಗ್ಗುವುದಿಲ್ಲ, ಪಕ್ಕದ ಕಾಟನ್ ಕುಗ್ಗುತ್ತದೆ. ಎರಡು ಒಗೆತಕ್ಕೆ ಹೊಲಿಗೆ ಸಾಲಿನುದ್ದಕ್ಕೂ ಸುಕ್ಕು ಬೀಳುತ್ತದೆ.

ರವಿಕೆ ಕಣ ನಂಬಬೇಡಿ. ಟು ಬೈ ಟು (ಕಾಟನ್ ರವಿಕೆ ಬಟ್ಟೆ) ಅಂತ ಕೊಟ್ಟಿದ್ದರಲ್ಲೂ ಪಾಲಿಯೆಸ್ಟರ್ ಬೆರಕೆ ಇರುತ್ತದೆ. ಹಾಸಿನಿಂದ (ಉದ್ದದ ಎಳೆ) ಎರಡೆಳೆ, ಹೊಕ್ಕಿನಿಂದ (ಅಡ್ಡದ ಎಳೆ) ಎರಡೆಳೆ ಬಿಚ್ಚಿ, ಬೇರೆ ಬೇರೆಯಾಗಿ ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ತುದಿಗೆ ಗಟ್ಟಿ ಮಣಿ ಕಟ್ಟುತ್ತದೆ. ಎರಡೂ ದಿಕ್ಕಿನ ಎಳೆ ಸುಡಲೇಬೇಕು. ಹಾಸು ಒಂದು, ಹೊಕ್ಕು ಇನ್ನೊಂದು ಇರುವ ಬಟ್ಟೆ ಬೇಕಾದಷ್ಟಿದೆ.

ಹಳೇ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಕೂರುವ ಜಾಗ, ಕಾಲ ಬಳಿಯ ಅಂಚು ಮೊದಲು ಹೋಗುತ್ತದೆ. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಗಟ್ಟಿ ಇರುತ್ತದೆ. ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿ ನೋಡಿ. ಎಳೆ ಸರಿದು ಜಾಳಾದರೆ ಅದು ಒಳಪದರಕ್ಕೆ, ಚೌಕಕ್ಕೆ ಬೇಡ.

ಎಲ್ಲವನ್ನೂ ರಾತ್ರಿ ನೆನೆಹಾಕಿ ಗಂಜಿ ಪೂರ್ತಿ ತೆಗೆಯಿರಿ. ಗಂಜಿ ಉಳಿದ ಬಟ್ಟೆಗೆ ಮಳೆಗಾಲದಲ್ಲಿ ಬೂಷ್ಟು ಮೊದಲು ಹಿಡಿಯುತ್ತದೆ, ಜಿರಲೆಯೂ ಅದನ್ನೇ ಹುಡುಕಿಕೊಂಡು ಬರುತ್ತದೆ. ಕೆಂಪು, ಮರೂನ್, ಕಡುನೀಲಿ, ಕಪ್ಪು ಬೇರೆ ಬೇರೆ ಪಾತ್ರೆಯಲ್ಲಿ ನೆನೆಯಲಿ. ನಂತರ ಒದ್ದೆ ಬಟ್ಟೆಯ ಮೇಲೆ ಬಿಳಿ ಚಿಂದಿ ಇಟ್ಟು ಇಸ್ತ್ರಿ ಒತ್ತಿ. ಚಿಂದಿಗೆ ಬಣ್ಣ ತಾಗಿದರೆ ಮತ್ತೆ ಒಗೆಯಿರಿ. ಮೂರು ಸಲಕ್ಕೂ ಬಿಡುತ್ತಿದ್ದರೆ ಆ ಕಣ ಕೌದಿಗೆ ಬೇಡ.

ಹೊನ್ನಾವರದಿಂದ

ಲೆಕ್ಕ ನಾನು ಕೊಡ್ತೇನೆ. ಹೊಲಿದ ಮೇಲೆ ಆರಿಂಚು ಬರಬೇಕೆಂದರೆ ಆರೂವರೆ ಇಂಚು ಕತ್ತರಿಸಬೇಕು, ನಾಲ್ಕೂ ಬದಿಗೆ ಕಾಲಿಂಚು ಹೊಲಿಗೆಗೆ. ಹಳೇ ಜಾಳು ಸೀರೆಯ ಎಳೆ ಬಿಚ್ಚಿಕೊಳ್ಳುವುದರಿಂದ ಅದಕ್ಕೆ ಏಳಿಂಚು ಕತ್ತರಿಸಿ ಅರ್ಧ ಇಂಚು ಒಳಗೆ ಹೊಲಿಯಿರಿ.

36 ಇಂಚು ಅಗಲ, 80 ಸೆಂಟಿಮೀಟರ್ ಉದ್ದದ ಕಣದಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ನಾಲ್ಕು, 20 ಚೌಕ ಸಿಗುತ್ತದೆ. ಎಂಟು ಕಣಕ್ಕೇ 150 ಆಗಿಬಿಡುತ್ತದೆ. ನಿಮ್ಮ ಹನ್ನೆರಡರಲ್ಲಿ ನಾಲ್ಕು ಬೆರಕೆ ಅಂತ ಬದಿಗೆ ಸರಿದರೂ ಚಿಂತೆಯಿಲ್ಲ. ಹೊಸ ಬಟ್ಟೆ ಕೊಳ್ಳುವವರು ಎಡವುವುದು ಬೇರೆ ಕಡೆ. 44 ಇಂಚು ಪನ್ನದ (ಅಗಲದ) ಒಂದು ಮೀಟರಿಗೆ ಕಾಗದದ ಲೆಕ್ಕದಲ್ಲಿ 36 ಚೌಕ. ನೂರಕ್ಕೆ ನಾಲ್ಕರಷ್ಟು ಕುಗ್ಗಿದರೆ ಉದ್ದ 37.8 ಇಂಚಿಗೆ ಇಳಿಯುತ್ತದೆ, ಆರನೇ ಸಾಲು ಕೂರುವುದಿಲ್ಲ, ಸಿಗುವುದು 30. ಬೇರೆ ಬೇರೆ ಬಣ್ಣದಲ್ಲಿ ಒಂದೊಂದೇ ಮೀಟರ್ ಕೊಂಡರೆ, ಅಂಗಡಿಯಲ್ಲಿ ನಾಲ್ಕೂಕಾಲು ಮೀಟರ್ ಸಾಕು ಅಂದದ್ದು ಮನೆಯಲ್ಲಿ ಐದು ಆಗುವುದು ಹೀಗೆ.

ಚೌಕಳಿ ಸೀರೆಯನ್ನು ಗೆರೆ ಹಿಡಿದೇ ಕತ್ತರಿಸಿ. ಓರೆ ಹೋದರೆ ಚೌಕ ಜಗ್ಗುತ್ತದೆ, ಗೆರೆ ಸೊಟ್ಟ ಇದ್ದದ್ದು ದೂರಕ್ಕೂ ಕಾಣುತ್ತದೆ.

ಯಲ್ಲಾಪುರದಿಂದ

ಬಳೆ ಅಂಗಡಿ ಹಾಗೆ ಕಾಣುವುದಕ್ಕೆ ಕಾರಣ ಬಣ್ಣ ಹೆಚ್ಚಾಗಿದ್ದಲ್ಲ, ತಿಳಿ-ಗಾಢ ಬೇರೆ ಮಾಡದೇ ಇದ್ದದ್ದು. ಎಲ್ಲ ಬಟ್ಟೆಯ ಒಂದೊಂದು ಗೇಣು ತುದಿ ಕಾಣುವ ಹಾಗೆ ಸಾಲಾಗಿಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಗಿಳಿಹಸಿರು, ಕೆಂಪು ಅಂತ ನಾವು ಬಡಿದಾಡುವ ಎರಡು ಬಟ್ಟೆ ಆ ಫೋಟೋದಲ್ಲಿ ಒಂದೇ ಬೂದಿ ಬಣ್ಣಕ್ಕೆ ಬಂದಿರಬಹುದು. ಅಂಥ ಎರಡನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಕಿರಿಕಿರಿ, ವಿನ್ಯಾಸವೂ ಎದ್ದು ಕಾಣುವುದಿಲ್ಲ.

ಫೋಟೋ ನೋಡಿ ಮೂರು ರಾಶಿ ಮಾಡಿ. ಈ ಅಳತೆಗೆ ತಿಳಿ 60, ಮಧ್ಯಮ 50, ಗಾಢ 32 ಚೌಕ ಇಡಬಹುದು. ಉಳಿದ 8 ಮಾತ್ರ ಚುರುಕು ಬಣ್ಣ, ಅರಿಶಿನದ್ದೋ ಕಿತ್ತಳೆಯದ್ದೋ. ಎಂಟೂ ಒಂದಕ್ಕೊಂದು ತಾಗಬಾರದು, ನಾಲ್ಕು ಮೂಲೆಗೂ ಬೇಡ. ಮೂಲೆಗಿಟ್ಟರೆ ಕಣ್ಣು ಅಲ್ಲಿಗೇ ಓಡುತ್ತದೆ, ನಡುವೆ ಖಾಲಿ ಅನಿಸುತ್ತದೆ. ದೊಡ್ಡ ಹೂವಿನ ಸೀರೆ ಆರಿಂಚಿಗೆ ಕತ್ತರಿಸಿದರೆ ಒಂದರಲ್ಲಿ ಬರೀ ದಂಟು, ಇನ್ನೊಂದರಲ್ಲಿ ಅರ್ಧ ದಳ. ಅದನ್ನು ಅಡಿಪದರಕ್ಕೆ ಹಾಕಿ. ಸಣ್ಣ ಚುಕ್ಕಿಯದ್ದು ಹತ್ತಡಿ ದೂರಕ್ಕೆ ಒಂದೇ ಬಣ್ಣವಾಗಿ ಕಾಣುವುದರಿಂದ ಎಲ್ಲಿ ಇಟ್ಟರೂ ಹೊಂದುತ್ತದೆ.

ಈ ಕೆಲಸ ಟ್ಯೂಬ್‌ಲೈಟಿನಲ್ಲಿ ಬೇಡ. ಬೆಳಗಿನ ಹತ್ತರ ಹೊತ್ತಿಗೆ ಜಗುಲಿಯಲ್ಲಿ ಮಾಡಿ. ಕಡುನೀಲಿಯನ್ನು ಕಪ್ಪು ಅಂತ ಹೊಲಿದು ಮರುದಿನ ಬಿಚ್ಚುವುದು ತಪ್ಪುತ್ತದೆ.

ಇನ್ನೊಂದು ದಾರಿಯೂ ಇದೆ. ನಮ್ಮಲ್ಲಿ, ಹಳಿಯಾಳ-ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಚೌಕಗಳನ್ನು ಮೊದಲು ಜೋಡಿಸುವುದೇ ಇಲ್ಲ. ಅಡಿಗೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ತುಂಡಿನ ಅಂಚು ಒಳಮಡಚಿ, ಅಂಚಿನಿಂದ ನಡುವಿಗೆ ಸುತ್ತುತ್ತಾ ಎಲ್ಲ ಪದರ ಸೇರಿಸಿ ಹೊಲಿಯುತ್ತಾರೆ. ಮೂಲೆಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫುಲಾ’. ತುಂಡು ಎಷ್ಟೇ ಸಣ್ಣದಿದ್ದರೂ ನಡೆಯುತ್ತದೆ. ಬಣ್ಣಕ್ಕೆ ಮೊದಲೇ ನಕ್ಷೆ ಬೇಡ, ಮುಂದಿನ ತುಂಡು ಪಕ್ಕದ್ದಕ್ಕಿಂತ ತಿಳಿಯೋ ಗಾಢವೋ ಇದ್ದರಾಯಿತು. ಆದರೆ ಅಡಿ ಸೀರೆ ಬಿಗಿಯಾಗಿ ಹಾಸದಿದ್ದರೆ ಎಲ್ಲ ಸಡಿಲವೂ ನಡುವಿಗೆ ಬಂದು ಉಬ್ಬಿ ನಿಲ್ಲುತ್ತದೆ.

ಕಾರವಾರದಿಂದ

ಒಳಪದರದ ಬಣ್ಣವನ್ನೂ ನೋಡಬೇಕು, ಅದನ್ನು ಯಾರೂ ಹೇಳಲಿಲ್ಲ. ತಿಳಿ ಚೌಕದ ಕೆಳಗೆ ಗಾಢ ಸೀರೆ ಬಂದರೆ ಮೇಲೆ ಮಬ್ಬು ನೆರಳು ಬೀಳುತ್ತದೆ. ಚೌಕಗಳ ನೇರ ಕೆಳಗೆ ಬಿಳಿ ಪಂಚೆ, ಅದರ ಕೆಳಗೆ ಒಂದು ಸೀರೆ, ಅಡಿಗೆ ಇನ್ನೊಂದು ಸೀರೆ. ಒಟ್ಟು ನಾಲ್ಕು ಪದರ ಸಾಕು. ಘಟ್ಟದ ಮೇಲೆ ಚಳಿ ಅಂತ ಆರು ಪದರ ಹಾಕಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದಿಲ್ಲ.

ಚೊಗರಿನ ಪಂಚೆ ಬಳಸುವುದಾದರೆ ಮೇಲ್ಪದರಕ್ಕೆ ತಾಗದ ಹಾಗೆ ಎರಡನೇ ಒಳಪದರದಲ್ಲಿ, ಸೀರೆಯ ಬದಲಿಗೆ ಇರಲಿ. ಚೊಗರು ಕಬ್ಬಿಣಾಂಶದ ನೀರಿಗೆ ಕಪ್ಪಾಗುತ್ತದೆ. ಆದ್ದರಿಂದ ತಗಡಿನ ಬಕೆಟ್ಟಿನಲ್ಲಿ ನೆನೆಹಾಕಬೇಡಿ.

ಪದರ ಮೇಲ್ಪದರಕ್ಕಿಂತ ಸುತ್ತಲೂ ಎರಡಿಂಚು ದೊಡ್ಡದಿರಬೇಕು, ಅಂದರೆ 64×94. ಸೀರೆ ಐದೂವರೆ ಮೀಟರ್, 216 ಇಂಚು. ಪನ್ನ ಸುಮಾರು 45. 94 ಇಂಚಿನ ಎರಡು ತುಂಡು ಮಾಡಿ, ಒಂದಕ್ಕೆ ಇನ್ನೊಂದರಿಂದ 20 ಇಂಚಿನ ಪಟ್ಟಿ ಕೂಡಿಸಿ. ಒಂದು ಪದರದ ಕೂಡುಹೊಲಿಗೆ ಎಡಕ್ಕೆ ಬಂದರೆ ಮುಂದಿನದು ಬಲಕ್ಕೆ ಬರಲಿ, ಒಂದರ ಮೇಲೊಂದು ಬಿದ್ದರೆ ಮಲಗಿದವರ ಬೆನ್ನಿಗೆ ಗೆರೆ ಒತ್ತುತ್ತದೆ. ಉಳಿದದ್ದರಿಂದ ಸುತ್ತಂಚಿಗೆ ಎರಡೂವರೆ ಇಂಚಿನ ಪಟ್ಟಿ, ಒಟ್ಟು 310 ಇಂಚು.

ಇಳಕಲ್ಲಿನ ಮೈ ಕಾಟನ್ ಆದರೆ ಧಾರಾಳ ಬಳಸಿ. ಸೆರಗು ಬೇಡ. ಅದರ ಹಾಸು ಬೇರೆ, ಕೊಂಡಿ ಹಾಕಿ ಮೈಗೆ ಸೇರಿಸಿದ್ದು, ಮೈಯ ಹಾಗೆ ಕುಗ್ಗುವುದಿಲ್ಲ. ಜರಿ ಅಂಚಿದ್ದರೆ ಅದೂ ಬೇಡ, ತೇವದ ಗಾಳಿಗೆ ಕಪ್ಪಾಗುತ್ತದೆ, ಕೆನ್ನೆಗೆ ಚುಚ್ಚುತ್ತದೆ.

ಶಿರಸಿಯಿಂದ

ಸುಟ್ಟು ನೋಡಿದೆ, ಮೂರು ಕಣ ಬೆರಕೆ. ಮರೂನ್ ಕಣ ಮಾತ್ರ ಹಳದಿ ಸೀರೆಯ ಜೊತೆ ಬಕೆಟ್ಟಿಗೆ ಹೋಗಿಬಿಟ್ಟಿತು, ಸೀರೆಗೆಲ್ಲ ಗುಲಾಬಿ ಮಚ್ಚೆ. ಉಪ್ಪುನೀರು ಹಾಕಿದರೆ ಬಣ್ಣ ನಿಲ್ಲುತ್ತದಂತೆ, ಹೌದಾ? ದಾರದ ಬಣ್ಣ ಯಾವುದು?

ಕುಮಟಾದಿಂದ

ಉಪ್ಪಿಗೂ ವಿನೆಗರಿಗೂ ಅದು ನಿಲ್ಲುವುದಿಲ್ಲ ಮಾರಾಯ್ತಿ, ಬಿಡಬೇಕಾದ ಬಣ್ಣ ಬಿಟ್ಟೇ ಬಿಡುತ್ತದೆ. ಮುಖ್ಯವಾಗಿ ಸೀರೆ ಒಣಗಿಸಬೇಡಿ, ಇಸ್ತ್ರಿಯಂತೂ ಮುಟ್ಟಿಸಲೇಬೇಡಿ. ಬಿಸಿನೀರಿಗೆ ಸೋಪಿನ ಪುಡಿ ಹಾಕಿ, ಬಟ್ಟೆ ಸಡಿಲವಾಗಿ ತೇಲುವಷ್ಟು ನೀರಿನಲ್ಲಿ ರಾತ್ರಿಯಿಡೀ ಬಿಡಿ, ನೀರು ಬದಲಿಸಿ ಮತ್ತೆ ಹಾಕಿ. ಹೋಗದಿದ್ದರೆ ಒಳಪದರ ಇದ್ದೇ ಇದೆ.

ಯಲ್ಲಾಪುರದಿಂದ

ಮರೂನ್ ತೆಗೆದರೆ ಗಾಢ ರಾಶಿಗೆ 20 ಚೌಕ ಕಡಿಮೆಯಾಗುತ್ತದೆ. ಇಳಕಲ್ ಮೈ ಗಾಢ ಇದ್ದರೆ ಅದರಿಂದಲೇ ತುಂಬಿ.

ದಾರ ಕಾಟನ್ನಿನದೇ ಆಗಲಿ. ಬಿಳಿ ದಾರ ಗಾಢ ಚೌಕದ ಮೇಲೆ ಎದ್ದು ಕಾಣುತ್ತದೆ, ಕೈ ಪಳಗಿದ್ದರೆ ಅದೇ ಚಂದ. ಇಲ್ಲದಿದ್ದರೆ ತಿಳಿ ಬೂದಿ ಬಣ್ಣದ್ದು ಎಲ್ಲದರ ಮೇಲೂ ಅಡಗುತ್ತದೆ. ಮೊದಲು ಆರಿಂಚಿಗೊಂದು ಕಚ್ಚಾ ಟಾಕಿ (ಆಮೇಲೆ ಬಿಚ್ಚುವ ಹೊಲಿಗೆ) ಹಾಕಿ, ಆಮೇಲೆ ನಡುವಿನಿಂದ ಅಂಚಿಗೆ ಹೊಲಿಯುತ್ತಾ ಬನ್ನಿ. ಸಾಲಿನಿಂದ ಸಾಲಿಗೆ ಒಂದಿಂಚು, ಇಂಚಿಗೆ ನಾಲ್ಕು ಟಾಕಿ. ಎರಡಿಂಚಿಗಿಂತ ದೂರ ಹೋದರೆ ಒಗೆಯುವಾಗ ಒಳಗಿನ ಪಂಚೆ ಸರಿದು ಒಂದು ಕಡೆ ಉಂಡೆಯಾಗುತ್ತದೆ.