ಅದೇ ಟ್ಯೂಬಿನಲ್ಲಿ ನ್ಯೂಟ್ರೋಫಿಲ್ ಬೇಗ ಸಾಯುತ್ತದೆ, ಲಿಂಫೋಸೈಟ್ ಯಾಕೆ ಸಾಯುವುದಿಲ್ಲ?

ಸ್ಲೈಡ್ ನೋಡುವಾಕಿ, ಕಲಬುರಗಿ

ನಾನು ಇಲ್ಲಿನ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಓದಿದ್ದು ಡಿಎಂಎಲ್‌ಟಿ ಅಷ್ಟೇ, ಹಾಗಾಗಿ ಉತ್ತರ ಸ್ವಲ್ಪ ಬಿಡಿಸಿ ಹೇಳಿ.

ಆಳಂದ, ಚಿಂಚೋಳಿ ಕಡೆಯಿಂದ ನಮಗೆ ಬಸ್ಸಿನಲ್ಲಿ ರಕ್ತದ ಇಡಿಟಿಎ ಟ್ಯೂಬುಗಳು (ಹೆಪ್ಪುಗಟ್ಟದಂತೆ ಔಷಧ ಹಾಕಿದವು) ಬರುತ್ತವೆ. ಐಸ್ ಪ್ಯಾಕ್ ಇಟ್ಟಿರುತ್ತಾರೆ, ಆದರೆ ಮೇ ತಿಂಗಳ ಬಿಸಿಲಿಗೆ ಅದು ದಾರಿಯಲ್ಲೇ ನೀರು. ಅಂಥ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಸ್ಮಿಯರ್ ಎಳೆದು, ಲೀಶ್ಮನ್ ಬಣ್ಣ ಹಾಕಿ ನೋಡಿದರೆ, ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳ ಸ್ಥಿತಿ ಬೇಡವೇ ಬೇಡ. ಮೂರ್ನಾಲ್ಕು ಹಾಲೆ ಇರಬೇಕಾದ ನ್ಯೂಕ್ಲಿಯಸ್ ಮುದುಡಿ ಒಂದೆರಡು ಕಪ್ಪು ಗುಂಡು ಆಗಿರುತ್ತದೆ. ಹೊಸಬರು ಅದನ್ನು ನ್ಯೂಕ್ಲಿಯಸ್ ಇರುವ ಕೆಂಪು ಕಣ ಅಂತ ಎಣಿಸಿಬಿಡುತ್ತಾರೆ. ಪಕ್ಕದಲ್ಲಿರುವ ಇನ್ನೊಂದು ಬಗೆಯ ಬಿಳಿ ಕಣ, ಲಿಂಫೋಸೈಟ್, ಮಾತ್ರ ಏನೂ ಆಗದವರ ಹಾಗೆ ಕೂತಿರುತ್ತದೆ. ಅದೇ ಟ್ಯೂಬು, ಅದೇ ಬಿಸಿಲು!

ಈಚೆಗೆ ಒಬ್ಬ ಹಿರಿಯರ ಸ್ಲೈಡ್ ಬಂತು. ಎಲ್ಲಿ ನೋಡಿದರೂ ಸಣ್ಣ ಲಿಂಫೋಸೈಟ್, ನಡುನಡುವೆ ಒಡೆದು ಹರಡಿದ ಸ್ಮಜ್ ಸೆಲ್. ಪೆಥಾಲಜಿ ಮೇಡಂ ಸಿಎಲ್‌ಎಲ್ (ಲಿಂಫೋಸೈಟ್‌ಗಳ ಒಂದು ರಕ್ತ ಕ್ಯಾನ್ಸರ್) ಅನುಮಾನ ಅಂತ, ಕಣದ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಗೆ ಬರೆದರು. "ಇವು ಹುಟ್ಟೋದು ಜಾಸ್ತಿಯಾಗಿಲ್ಲಮ್ಮ, ಸಾಯೋದು ಕಮ್ಮಿಯಾಗಿದೆ" ಅಂದರು. ಆಗ ಕೆಲಸದ ಗಡಿಬಿಡಿ, ಕೇಳಲಾಗಲಿಲ್ಲ. ಕಣಕ್ಕೆ ಸಾಯಿ ಅಂತ ಹೇಳುವವರು ಯಾರು? ಮತ್ತೆ, ಸ್ಮಜ್ ಸೆಲ್ ಅಂದರೆ ಸತ್ತ ಕಣವೇ ಅಲ್ವಾ?

ಕಡಗಂಚಿ ಸಂಶೋಧಕ

ಅಕ್ಕಾ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಉತ್ತರ ಸುಲಭ. ಈ ಕಣಗಳಿಗೆ ಸಾಯಿ ಅಂತ ಯಾರೂ ಹೇಳಬೇಕಾಗಿಲ್ಲ. ಬದುಕು ಅಂತ ಯಾರಾದರೂ ಹೇಳುತ್ತಲೇ ಇರಬೇಕು. ಹೇಳುವುದು ನಿಂತರೆ ತಾವಾಗಿಯೇ ಸಾಯುತ್ತವೆ.

ಸಾಯಿಸುವ ಸಾಮಾನು ಕಣದ ಒಳಗೇ ತಯಾರಿದೆ. ಬ್ಯಾಕ್ಸ್, ಬ್ಯಾಕ್ ಅಂತ ಎರಡು ಪ್ರೋಟೀನ್. ಇವು ಮೈಟೋಕಾಂಡ್ರಿಯಾದ ಹೊರಪೊರೆಗೆ ತೂತು ಹಾಕುತ್ತವೆ. ಒಳಗಿದ್ದ ಸೈಟೋಕ್ರೋಮ್ ಸಿ ಸೋರುತ್ತದೆ, ಅದರಿಂದ ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳು ಎದ್ದು ಕೂರುತ್ತವೆ. ನೀವು ನೋಡುವ ಕಪ್ಪು ಗುಂಡು ಅವುಗಳದೇ ಕೆಲಸ. ಈ ಬ್ಯಾಕ್ಸ್, ಬ್ಯಾಕ್‌ಗಳನ್ನು ಕೆರಳಿಸಲು ಬಿಮ್ ಥರದ ಪ್ರೋಟೀನ್‌ಗಳಿವೆ. ಎಲ್ಲರನ್ನೂ ಹಿಡಿದು ಸುಮ್ಮನಿರಿಸುವ ಗುಂಪು ಬೇರೆ. ಅದರಲ್ಲಿ ಮುಖ್ಯ ಬಿಸಿಎಲ್-2 ಮತ್ತು ಎಂಸಿಎಲ್-1. ಯಾರ ಕೈ ಮೇಲಾಗುತ್ತದೋ ಅದರ ಮೇಲೆ ಕಣದ ಹಣೆಬರಹ.

ಈಗ ನಿಮ್ಮ ಟ್ಯೂಬು. ಬೆಳೆದ ನ್ಯೂಟ್ರೋಫಿಲ್‌ನಲ್ಲಿ ಬಿಸಿಎಲ್-2 ಇಲ್ಲವೆನ್ನುವಷ್ಟು ಕಡಿಮೆ. ಅದು ನಂಬಿಕೊಂಡಿರುವುದು ಎಂಸಿಎಲ್-1 ಅನ್ನು, ಆ ಪ್ರೋಟೀನ್ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ನಮ್ಮೂರ ಕೂಲರ್ ಇದ್ದ ಹಾಗೆ, ನೀರು ಹಾಕುತ್ತಾ ಇದ್ದರಷ್ಟೇ ತಂಪು. ಮೈಯಲ್ಲಿ ಸೋಂಕಿದ್ದಾಗ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನ್ ಬಂದು ಎಂಸಿಎಲ್-1 ಕರಗದಂತೆ ನೋಡಿಕೊಳ್ಳುತ್ತದೆ, ನ್ಯೂಟ್ರೋಫಿಲ್ ಇನ್ನಷ್ಟು ಹೊತ್ತು ಬಾಳುತ್ತದೆ. ಚಿಂಚೋಳಿ ಬಸ್ಸಿನ ಟ್ಯೂಬಿನಲ್ಲಿ ಅದನ್ನು ಯಾರು ಕೊಡಬೇಕು? ಲಿಂಫೋಸೈಟ್‌ನಲ್ಲಿ ಬಿಸಿಎಲ್-2 ಇರುತ್ತದೆ. ಅದು ಅಷ್ಟು ಬೇಗ ಕರಗುವುದಿಲ್ಲ, ಅದಕ್ಕೇ ಆ ಠೀವಿ.

ನನಗೆ ಮಜಾ ಅನಿಸಿದ್ದು ಇನ್ನೊಂದು. ನಮ್ಮ ಎಲುಬಿನ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಮಾಡುತ್ತದೆ, ಹೆಚ್ಚುಕಮ್ಮಿ ಅಷ್ಟೇ ಸಾಯುತ್ತವೆ. ಆದರೂ ತಾಜಾ ರಕ್ತದಲ್ಲಿ ಸಾಯುತ್ತಿರುವ ಕಣ ನಿಮ್ಮ ಕಣ್ಣಿಗೆ ಬೀಳುವುದು ಅಪರೂಪ. ಸಾಯುವ ಕಣ ತನ್ನ ಪೊರೆಯ ಒಳಮೈಯ ಒಂದು ಕೊಬ್ಬನ್ನು ಹೊರಗೆ ತೋರಿಸುತ್ತದೆ, ಯಕೃತ್ತು, ಗುಲ್ಮ, ಮಜ್ಜೆಯ ಮ್ಯಾಕ್ರೋಫೇಜ್‌ಗಳು ಅದನ್ನು ಗುರುತಿಸಿ ನುಂಗಿಬಿಡುತ್ತವೆ. ಟ್ಯೂಬಿನಲ್ಲಿ ನುಂಗುವವರಿಲ್ಲ, ಅದಕ್ಕೇ ಹೆಣ ನಿಮ್ಮ ಸ್ಲೈಡಿಗೆ ಬರುತ್ತದೆ.

ಸಿಎಲ್‌ಎಲ್ ವಿಷಯದಲ್ಲಿ ನಿಮ್ಮ ಮೇಡಂ ಹೇಳಿದ್ದು ಬಹುಮಟ್ಟಿಗೆ ನಿಜ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ 13ನೇ ಕ್ರೋಮೋಸೋಮಿನ ಒಂದು ಚೂರು ಹೋಗಿರುತ್ತದೆ. ಬಿಸಿಎಲ್-2 ಅತಿಯಾಗದಂತೆ ತಡೆಯುವ ಎರಡು ಮೈಕ್ರೋ ಆರ್‌ಎನ್‌ಎ ಅಲ್ಲಿದ್ದವು. ಅವು ಹೋದ ಮೇಲೆ ಬಿಸಿಎಲ್-2 ಏರುತ್ತದೆ. ಹುಟ್ಟುವುದೂ ಇದೆ ಅನ್ನಿ, ಲಿಂಫ್ ಗ್ರಂಥಿಯಲ್ಲಿ. 1988ರಲ್ಲಿ ಮೆಲ್ಬರ್ನ್‌ನಲ್ಲಿ ಡೇವಿಡ್ ವಾ ಮತ್ತು ಜೊತೆಗಾರರು ಬಿಸಿಎಲ್-2 ಕಣವನ್ನು ಒಡೆದು ಎರಡು ಮಾಡುವುದಿಲ್ಲ, ಸಾಯದಂತೆ ಇಡುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ಕ್ಯಾನ್ಸರ್ ಅಂದರೆ ಬೆಳೆಯುವುದು ಜಾಸ್ತಿ ಅಂತಲೇ ಎಲ್ಲರ ಲೆಕ್ಕ.

ಸೇಡಂ ರೋಡ್ ಡಾಕ್ಟರ್

ಮೇಲಿನ ಉತ್ತರ ಚೆನ್ನಾಗಿದೆ. ಆದರೆ "ಯಾರೂ ಹೇಳಬೇಕಾಗಿಲ್ಲ" ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊರಗಿನಿಂದ ಹೇಳುವವರೂ ಇದ್ದಾರೆ. ಲಿಂಫೋಸೈಟ್ ಮೇಲೆ ಫಾಸ್ ಎಂಬ ಪ್ರೋಟೀನ್ ಇದೆ. ಪಕ್ಕದ ಕಣ ಫಾಸ್ ಲೈಗ್ಯಾಂಡ್ ಹಿಡಿದು ಬಂದು ಅದನ್ನು ಮುಟ್ಟಿದರೆ ಕ್ಯಾಸ್ಪೇಸ್ ನೇರವಾಗಿ ಏಳುತ್ತದೆ. ಹುಟ್ಟಿನಿಂದಲೇ ಫಾಸ್ ಕೆಟ್ಟಿರುವ ಮಕ್ಕಳಿದ್ದಾರೆ, ಬಹಳ ಅಪರೂಪ. ಗ್ರಂಥಿಗಳು, ಗುಲ್ಮ ಊದಿಕೊಂಡೇ ಇರುತ್ತವೆ, ತಮ್ಮದೇ ರಕ್ತಕಣಗಳ ಮೇಲೆ ದಾಳಿ ಶುರುವಾಗುತ್ತದೆ.

ಸ್ಮಜ್ ಸೆಲ್ ಬಗ್ಗೆ: ಅದು ಆ ಥರದ ಸಾವಲ್ಲಮ್ಮ. ಸಿಎಲ್‌ಎಲ್ ಕಣ ಬಲು ನಾಜೂಕು. ಒಳಗಿನ ಆಧಾರ ಕೊಡುವ ವಿಮೆಂಟಿನ್ ಕಡಿಮೆ ಇದ್ದಾಗ, ನೀವು ಸ್ಲೈಡ್ ಎಳೆಯುವಾಗಲೇ ಒಡೆಯುತ್ತದೆ. ರಕ್ತಕ್ಕೆ ಒಂದು ಹನಿ ಅಲ್ಬ್ಯುಮಿನ್ ಬೆರೆಸಿ ಎಳೆದು ನೋಡಿ, ಸ್ಮಜ್ ಕಡಿಮೆಯಾಗುತ್ತದೆ. ನಿಜವಾಗಿ ಸಾಯುತ್ತಿದ್ದ ಕಣ ಅಲ್ಬ್ಯುಮಿನ್ ಹಾಕಿದರೆ ಬದುಕುತ್ತಿತ್ತೇ?

ಇನ್ನು ಚಿಕಿತ್ಸೆ. ಬಿಸಿಎಲ್-2 ಕೈ ಬಿಡಿಸುವ ಮಾತ್ರೆಯೇ ಇದೆ, ವೆನೆಟೋಕ್ಲಾಕ್ಸ್. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಸಿಎಲ್‌ಎಲ್‌ಗೆ 20 ಮಿಲಿಗ್ರಾಂನಿಂದ ಶುರು ಮಾಡಿ, ವಾರವಾರ ಏರಿಸಿ, ಐದನೇ ವಾರಕ್ಕೆ 400 ಮುಟ್ಟಿಸುತ್ತಾರೆ. ಒಮ್ಮೆಲೇ ಪೂರ್ತಿ ಕೊಟ್ಟರೆ ಕಣಗಳು ಒಟ್ಟೊಟ್ಟಿಗೆ ಸತ್ತು, ಪೊಟ್ಯಾಶಿಯಂ, ಯೂರಿಕ್ ಆಸಿಡ್ ಏರಿ ಕಿಡ್ನಿಗೆ ಕುತ್ತು. ಆ ದಿನಗಳಲ್ಲಿ ನಿಮ್ಮಂಥವರ ರಿಪೋರ್ಟ್ ನೋಡಿಯೇ ನಾವು ಮುಂದಿನ ಡೋಸ್ ಬರೆಯುವುದು.

ಸ್ಲೈಡ್ ನೋಡುವಾಕಿ, ಕಲಬುರಗಿ

ಡಾಕ್ಟ್ರೇ, ಅಲ್ಬ್ಯುಮಿನ್ ನಮ್ಮ ಫ್ರಿಜ್‌ನಲ್ಲೇ ಇದೆ, ಬ್ಲಡ್ ಗ್ರೂಪಿಂಗಿಗೆ ಇಟ್ಟದ್ದು. ಸೋಮವಾರ ಎರಡೂ ಥರ ಎಳೆದು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಇನ್ನೊಂದು ಅನುಮಾನ. ಸ್ಟಿರಾಯ್ಡ್ ತಗೊಳ್ಳುವವರ ಕೌಂಟಿನಲ್ಲಿ ನ್ಯೂಟ್ರೋಫಿಲ್ ಜಾಸ್ತಿ, ಲಿಂಫೋಸೈಟ್ ಕಮ್ಮಿ ಬರುತ್ತದಲ್ಲ, ಅದೂ ಇದೇ ಲೆಕ್ಕವೇ?

ಕಡಗಂಚಿ ಸಂಶೋಧಕ

ಅರ್ಧ ಇದೇ, ಅಕ್ಕಾ. ಸ್ಟಿರಾಯ್ಡ್ ಲಿಂಫೋಸೈಟ್‌ನಲ್ಲಿ ಬಿಮ್ ಏರಿಸಿ ಸಾಯಿಸುತ್ತದೆ. ಮಕ್ಕಳ ಲಿಂಫಾಯ್ಡ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿಗೆ ಅದನ್ನು ಕೊಡುವುದು ಅದಕ್ಕೇ. ಅದೇ ಔಷಧಿ ನ್ಯೂಟ್ರೋಫಿಲ್‌ನ ಆಯುಷ್ಯ ಹೆಚ್ಚಿಸುತ್ತದೆ! ಇನ್ನರ್ಧ ಬರೀ ಜಾಗ ಬದಲಾವಣೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್ ರಕ್ತಕ್ಕೆ ಇಳಿಯುತ್ತದೆ, ಲಿಂಫೋಸೈಟ್ ಮಜ್ಜೆಗೆ ಹೋಗುತ್ತದೆ.

ಭಾಲ್ಕಿ ಅಪ್ಪ

ನಡುವೆ ಬಾಯಿ ಹಾಕುತ್ತೇನೆ ಕ್ಷಮಿಸಿ. ಮಗನಿಗೆ ಗಂಟಲು ನೋವು ಬಂದಾಗ ಕೊರಳಲ್ಲಿ ಗಂಟು ಬಂದಿತ್ತು, ಆಮೇಲೆ ತಾನೇ ಇಳಿಯಿತು. ಅದೂ ಇದೇನಾ?

ಸೇಡಂ ರೋಡ್ ಡಾಕ್ಟರ್

ಹೌದ್ರೀ, ಇದೇ. ಆ ಗಂಟು ಅಂದರೆ ಊದಿದ ಲಿಂಫ್ ಗ್ರಂಥಿ. ಸೋಂಕಿನ ವೇಳೆ ಆ ರೋಗಾಣುವನ್ನು ಗುರುತಿಸುವ ಟಿ ಕಣಗಳು (ಲಿಂಫೋಸೈಟ್‌ಗಳಲ್ಲೇ ಒಂದು ಬಗೆ) ಅಲ್ಲಿ ಸಾವಿರಪಟ್ಟು ಹೆಚ್ಚುತ್ತವೆ. ಸೋಂಕು ಹೋದ ಮೇಲೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಾಯುತ್ತವೆ, ಹೆಚ್ಚಾಗಿ ಬಿಮ್ ಕೈಯಲ್ಲಿ. ಉಳಿದ ಕೆಲವು ಐಎಲ್-7, ಐಎಲ್-15 ಎಂಬ ಪ್ರೋಟೀನ್‌ಗಳ ಆಸರೆಯಲ್ಲಿ ವರ್ಷಗಟ್ಟಲೆ ನೆನಪಿನ ಕಣಗಳಾಗಿ ಇರುತ್ತವೆ. ಮಗುವಿಗೆ ಬಟಾಣಿ ಗಾತ್ರದ ಗಂಟು ಸ್ವಲ್ಪ ದಿನ ಉಳಿದರೆ ಗಾಬರಿ ಬೇಡ. ದೊಡ್ಡದಾಗುತ್ತಾ ಹೋದರೆ, ಗಟ್ಟಿಯಾಗಿ ಅಲುಗಾಡದಿದ್ದರೆ, ಅಥವಾ ಜ್ವರ ಬಿಡದೆ ತೂಕ ಇಳಿದರೆ ತಡ ಮಾಡದೆ ತೋರಿಸಿ. ನಮ್ಮ ಕಡೆ ಟಿಬಿ ಗಂಟೂ ಕಾಣುತ್ತದೆ, ಸೂಜಿ ಹಾಕಿ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.