ಬೇಕಲ ಕೋಟೆಯ ಗೋಡೆಗಿಂಡಿಗಳು ಬೇರೆ ಬೇರೆ ಕೋನದಲ್ಲಿ ಏಕಿವೆ?

ಪ್ರಶ್ನೆ – ಕಡಲತಡಿ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನು ಇತ್ತೀಚೆಗೆ ನಿಧಾನವಾಗಿ ಸುತ್ತಿ ನೋಡುವ ಅವಕಾಶ ಸಿಕ್ಕಿತು. ಸಮುದ್ರದ ಕಡೆಯ ಗೋಡೆಯ ಮೇಲೆ ನಡೆಯುವಾಗ ಅಲ್ಲಿನ ಕಿಂಡಿಗಳು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದವು. ಒಂದು ಕಿಂಡಿಗೆ ಕಣ್ಣಿಟ್ಟರೆ ದೂರದ ಕಡಲು ಮಾತ್ರ ಕಾಣುತ್ತದೆ. ಅದಕ್ಕಿಂತ ಕೆಳಗಿನದರಲ್ಲಿ ಅಲೆಗಳು ಒಡೆಯುವ ಮರಳದಂಡೆ ಕಾಣುತ್ತದೆ. ಇನ್ನೂ ಕೆಳಗಿನದರಲ್ಲಿ ಕೋಟೆಯ ಬುಡದ ಬಂಡೆಗಳಷ್ಟೇ ಕಾಣುತ್ತವೆ. ಇದು ಉದ್ದೇಶಪೂರ್ವಕವಾದ ವಿನ್ಯಾಸವೇ ಅಥವಾ ಕಾಲಕಾಲಕ್ಕೆ ನಡೆದ ದುರಸ್ತಿಯಿಂದ ಹಾಗಾಗಿದೆಯೇ?

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ಹದಿನೇಳನೆಯ ಶತಮಾನದ ಹೊತ್ತಿಗೆ ಯುರೋಪಿನವರು ನಮ್ಮ ಕರಾವಳಿಯಲ್ಲೇ ಚೂಪುಮೂಲೆಯ ಕೊತ್ತಳಗಳ ಕೋಟೆಗಳನ್ನು ಕಟ್ಟಿದ್ದರೂ ಇಲ್ಲಿನ ಕೊತ್ತಳಗಳು ದುಂಡಗಿರುವುದು ಏಕೆ? ಸುಮಾರು 40 ಎಕರೆ ವಿಸ್ತಾರದ ಈ ಕೋಟೆಯೊಳಗೆ ಅರಮನೆಯೇ ಇರಲಿಲ್ಲವೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೇ? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಉತ್ತರ – ಕೊತ್ತಳ

ನೀವು ಗಮನಿಸಿದ್ದು ಈ ಕೋಟೆಯ ಅತಿ ಮುಖ್ಯವಾದ ಅಂಶ. ಅದು ದುರಸ್ತಿಯಿಂದ ಆದದ್ದಲ್ಲ, ಯೋಚಿಸಿ ಮಾಡಿದ್ದು. ಮೇಲಿನ ಕಿಂಡಿಗಳು ದೂರದ ಗುರಿಗೆ, ನಡುವಿನವು ಹತ್ತಿರ ಬಂದ ಶತ್ರುವಿಗೆ, ಕೆಳಗಿನವು ಗೋಡೆಯ ಬುಡವನ್ನೇ ಮುಟ್ಟಿದವನಿಗೆ ಎಂದು ಹಂಚಲಾಗಿದೆ.

ಇದರ ಅಗತ್ಯ ತಿಳಿಯಬೇಕಾದರೆ ಎತ್ತರದ ಗೋಡೆಯ ಮೇಲೆ ನಿಂತ ಬಂದೂಕಿನವನ ಕಷ್ಟವನ್ನು ನೆನೆಯಬೇಕು. ಎತ್ತರ ಹೆಚ್ಚಿದಷ್ಟೂ ಅವನಿಗೆ ದೂರದ ನೋಟ ಸಿಗುತ್ತದೆ, ಆದರೆ ತನ್ನ ಕಾಲಬುಡದ ನೆಲ ಕಾಣದಾಗುತ್ತದೆ. ಅಲ್ಲಿಗೆ ತಲುಪಿದ ಶತ್ರುವಿಗೆ ಏಣಿ ಹಾಕಲು, ಗೋಡೆಯ ಕಲ್ಲು ಕೀಳಲು, ಮದ್ದು ತುಂಬಿ ಸಿಡಿಸಲು ಬೇಕಾದ ಮರೆ ತಾನಾಗಿಯೇ ದೊರೆಯುತ್ತದೆ. ಅವನನ್ನು ಹೊಡೆಯಲು ಕಾವಲಿನವನು ತೆನೆಯ (ಗೋಡೆಯ ಮೇಲಂಚಿನ ತಡೆಗೋಡೆಯ) ಆಚೆಗೆ ಮೈ ಚಾಚಿದರೆ ಎದುರು ಪಕ್ಷದ ಗುಂಡಿಗೆ ತಾನೇ ಗುರಿಯಾಗುತ್ತಾನೆ. ಗೋಡೆಯ ದಪ್ಪದೊಳಗೇ ಕಿಂಡಿಯನ್ನು ಇಳಿಜಾರಾಗಿ ಕೊರೆದರೆ ಮೈ ತೋರಿಸದೆ ಕೆಳಗೆ ಗುಂಡು ಹಾರಿಸಬಹುದು.

ಲೆಕ್ಕದ ಅನುಕೂಲಕ್ಕಾಗಿ ಒಂದು ಕಿಂಡಿ ನೆಲದಿಂದ 10 ಮೀಟರ್ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಅದರ ಇಳಿಜಾರು 10 ಡಿಗ್ರಿ ಇದ್ದರೆ ಗುಂಡು ಗೋಡೆಯಿಂದ ಸುಮಾರು 57 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. 30 ಡಿಗ್ರಿಯಾದರೆ ಸುಮಾರು 17 ಮೀಟರ್, 45 ಡಿಗ್ರಿಯಾದರೆ 10 ಮೀಟರ್. ಆ ಕಾಲದ ನಯನಳಿಗೆಯ (ಒಳಗೆ ಸುರುಳಿ ಗೀರುಗಳಿಲ್ಲದ ನಳಿಗೆಯ) ಕೋವಿಯಿಂದ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು 100 ಮೀಟರಿನಾಚೆ ಹೆಚ್ಚುಕಡಿಮೆ ಅದೃಷ್ಟದ ಮಾತಾಗಿತ್ತು. ಆದ್ದರಿಂದ ಈ ಮೂರು ಬಗೆಯ ಕಿಂಡಿಗಳು ಒಟ್ಟಾಗಿ ಕೋವಿ ನಿಜವಾಗಿ ಕೆಲಸ ಮಾಡುವ ದೂರವನ್ನೆಲ್ಲ ಎಡೆಬಿಡದೆ ಆವರಿಸುತ್ತವೆ. ಹಡಗಿನಿಂದ ದೋಣಿಗಿಳಿದು, ಅಲೆಗಳಲ್ಲಿ ತತ್ತರಿಸುತ್ತ, ಮದ್ದು ನೆನೆಯದಂತೆ ನೋಡಿಕೊಳ್ಳುತ್ತ ದಡಕ್ಕೆ ಬರುವವನು ಒಂದಾದ ಮೇಲೊಂದರಂತೆ ಈ ಮೂರೂ ಪಟ್ಟಿಗಳನ್ನು ದಾಟಬೇಕಿತ್ತು. ಭೂಮಿಯ ಕಡೆಯಿಂದ ಬರುವವನಿಗೆ ಅಗಳು (ಕಂದಕ) ಮತ್ತು ನೇರವಾಗಿ ನುಗ್ಗಲಾಗದಂತೆ ತಿರುವು ತಿರುವಾಗಿ ಮಾಡಿದ ಪ್ರವೇಶದಾರಿ ಇವೆರಡೂ ಅಡ್ಡವಾಗುತ್ತಿದ್ದವು.

ದುಂಡು ಕೊತ್ತಳಗಳ ವಿಷಯದಲ್ಲಿ ನಿಮ್ಮ ಪ್ರಶ್ನೆ ಸರಿಯಾದ ಕಡೆಗೇ ಕೈ ತೋರಿಸಿದೆ. ದುಂಡು ಕೊತ್ತಳದ ಮುಂಭಾಗದಲ್ಲಿ ಅಕ್ಕಪಕ್ಕದ ಕೊತ್ತಳಗಳಿಂದ ಹಾರಿಸಿದ ಗುಂಡು ತಲುಪದ ಒಂದು ಸಣ್ಣ ಜಾಗ ಉಳಿದೇ ಉಳಿಯುತ್ತದೆ. ಚೂಪುಮೂಲೆಯ ಕೊತ್ತಳವನ್ನು ಯುರೋಪಿನವರು ರೂಪಿಸಿದ್ದೇ ಆ ಜಾಗವನ್ನು ಇಲ್ಲವಾಗಿಸಲು. ದಕ್ಷಿಣಕ್ಕೆ ಕಣ್ಣೂರಿನಲ್ಲಿ 1505ರಲ್ಲಿ ಪೋರ್ಚುಗೀಸರು ಆರಂಭಿಸಿ, 1663ರಲ್ಲಿ ಡಚ್ಚರು ವಶಪಡಿಸಿಕೊಂಡು ಮಾರ್ಪಡಿಸಿದ ಸೇಂಟ್ ಏಂಜೆಲೋ ಕೋಟೆಯಲ್ಲಿ ಅಂತಹ ಕೊತ್ತಳಗಳನ್ನು ನೋಡಬಹುದು. ಬೇಕಲದವರು ಆ ಕೊರತೆಯನ್ನು ಇಳಿಜಾರು ಕಿಂಡಿಗಳಿಂದ ತುಂಬಿಕೊಂಡರು ಎಂದು ನನ್ನ ಅಭಿಪ್ರಾಯ: ಪಕ್ಕದ ಕೊತ್ತಳ ಕಾಯಲಾಗದ ಬುಡವನ್ನು ಇಲ್ಲಿ ಆ ಕೊತ್ತಳವೇ ಕಾದುಕೊಳ್ಳುತ್ತದೆ. ಚೂಪು ಕೊತ್ತಳವನ್ನು ಕಾಗದದ ಮೇಲೆ ಅಳತೆ ಹಾಕಿ ಸಮತಟ್ಟಾದ ಜಾಗದಲ್ಲಿ ಇಳಿಸುವುದು ಸುಲಭ. ಸಮುದ್ರಕ್ಕೆ ಚಾಚಿದ ಅಂಕುಡೊಂಕಾದ ಗುಡ್ಡದ ಅಂಚನ್ನು ಹಿಡಿದು ಸಾಗುವ ಗೋಡೆಗೆ ದುಂಡು ಕೊತ್ತಳ ಹೆಚ್ಚು ಸಹಜವಾಗಿ ಹೊಂದುತ್ತದೆ. ಇದನ್ನು ಹಿಂದುಳಿದ ವಿನ್ಯಾಸ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಉತ್ತರ – ಚಂದ್ರಗಿರಿ ತೀರ

ವಿನ್ಯಾಸದ ಬಗ್ಗೆ ಮೇಲಿನ ಸದಸ್ಯರು ಚೆನ್ನಾಗಿ ವಿವರಿಸಿದ್ದಾರೆ. ಚರಿತ್ರೆಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಈಗ ಕಾಣುವ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕನು ಸುಮಾರು 1650ರ ಹೊತ್ತಿಗೆ ಕಟ್ಟಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಮಾತು. ಅದಕ್ಕೂ ಮೊದಲೇ ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕಾಲದಲ್ಲಿ ಇಲ್ಲೊಂದು ಕೋಟೆಯಿತ್ತೆಂಬ ವಾದವೂ ಇದೆ. ಶಿವಪ್ಪ ನಾಯಕನ ಆಳ್ವಿಕೆಯ ಹಿನ್ನೆಲೆಯನ್ನು ನೋಡಿದರೆ ಈ ಜಾಗದ ಆಯ್ಕೆ ಸ್ಪಷ್ಟವಾಗುತ್ತದೆ. ಬಿದನೂರು ರಾಜಧಾನಿಯಾಗಿದ್ದ, ಘಟ್ಟದ ಮೇಲಿನ ಆ ರಾಜ್ಯದ ಸಂಪತ್ತು ಬಹುಮಟ್ಟಿಗೆ ಘಟ್ಟ ಇಳಿದು ಬಂದರುಗಳ ಮೂಲಕ ಹೊರಹೋಗುವ ಕಾಳುಮೆಣಸು ಮತ್ತು ಅಕ್ಕಿಯನ್ನು ಅವಲಂಬಿಸಿತ್ತು. ಆ ಬಂದರುಗಳಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿಕೊಂಡು ಕುಳಿತಿದ್ದರು. 1652ರಿಂದ 1654ರ ನಡುವೆ ಬಸ್ರೂರು, ಮಂಗಳೂರು, ಹೊನ್ನಾವರಗಳಿಂದ ಶಿವಪ್ಪ ನಾಯಕನು ಅವರನ್ನು ಹೊರದೂಡಿದನು. ಹೀಗೆ ಉತ್ತರದಲ್ಲಿ ಬಂದರುಗಳನ್ನು ಬಿಡಿಸಿಕೊಳ್ಳುತ್ತಿದ್ದ ಅರಸನಿಗೆ ದಕ್ಷಿಣದ ಗಡಿಯಲ್ಲಿ ಕೋಲತ್ತಿರಿಯ ನಾಡಿಗೆ ಎದುರಾಗಿ, ಸಮುದ್ರವನ್ನೂ ನೋಡಿಕೊಳ್ಳಬಲ್ಲ ಗಟ್ಟಿಯಾದ ನೆಲೆಯೊಂದು ಬೇಕಿತ್ತು. ಚಂದ್ರಗಿರಿ ಹೊಳೆಯ ದಡದ ಕೋಟೆಯನ್ನೂ ಬೇಕಲವನ್ನೂ ದಕ್ಷಿಣದ ಹೊಸದುರ್ಗವನ್ನೂ ಒಂದು ಸಾಲಿನ ಕಾವಲಾಗಿಯೇ ನೋಡಬೇಕು. ಬಿಡಿಬಿಡಿಯಾಗಿ ನೋಡಿದರೆ ಅರ್ಥವಾಗುವುದಿಲ್ಲ. ಈ ಕೋಟೆಗಳ ಕಾವಲಿಗೆಂದು ನಾಯಕರ ಕಾಲದಲ್ಲಿ ಬಂದು ನೆಲಸಿದ ಕನ್ನಡ ಮಾತನಾಡುವ ರಾಮಕ್ಷತ್ರಿಯರನ್ನು ಕಾಸರಗೋಡಿನ ಕಡೆ ಇಂದಿಗೂ ಕೋಟೆಯವರೆಂದು ಗುರುತಿಸುತ್ತಾರೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಬಳಿಕ ಕೆಳದಿಯ ಕರಾವಳಿಯೂ ಮೈಸೂರಿಗೆ ಸೇರಿತು. ಮಲಬಾರಿನ ಕಡೆಗೆ ನಡೆದ ದಂಡಯಾತ್ರೆಗಳಲ್ಲಿ ಬೇಕಲವು ಟಿಪ್ಪು ಸುಲ್ತಾನನಿಗೆ ಮುಖ್ಯವಾದ ಸೈನಿಕ ಠಾಣೆಯಾಗಿತ್ತು. 1799ರಲ್ಲಿ ಅವನು ಮಡಿದ ನಂತರ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಇದು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು.

ಅರಮನೆ ಇರಲಿಲ್ಲವೆಂಬ ಮಾತು ನೆಲದ ಮೇಲೆ ಉಳಿದದ್ದನ್ನು ನೋಡಿ ಹುಟ್ಟಿದ್ದು. 1990ರ ದಶಕದ ಕೊನೆಯಲ್ಲಿ ಆರಂಭವಾದ ಉತ್ಖನನಗಳಲ್ಲಿ ನಾಯಕರ ಮತ್ತು ಟಿಪ್ಪುವಿನ ಕಾಲದ ಕಟ್ಟಡಗಳ ತಳಪಾಯಗಳು, ಅರಮನೆಯೆಂದು ಗುರುತಿಸಲಾದ ಕಟ್ಟಡಗಳ ಗುಂಪು, ಟಂಕಸಾಲೆಯ ಕುರುಹುಗಳು ಮತ್ತು ಹೈದರ್ ಹಾಗೂ ಟಿಪ್ಪುವಿನ ತಾಮ್ರದ ನಾಣ್ಯಗಳು ದೊರೆತಿವೆ. ಆದ್ದರಿಂದ ಇದು ಕೇವಲ ಸೈನಿಕರ ಬೀಡಾಗಿರಲಿಲ್ಲ. ಆಡಳಿತದ ಕೆಲಸವೂ ಇಲ್ಲಿ ನಡೆಯುತ್ತಿತ್ತು. ಪ್ರವಾಸಿ ಫಲಕಗಳಲ್ಲೂ ಜಾಲತಾಣಗಳಲ್ಲೂ ಹಳೆಯ ಮಾತೇ ಮುಂದುವರಿಯುತ್ತಿರುವುದು ನನಗೆ ನಿಜವಾಗಿ ಬೇಸರ ತರುತ್ತದೆ.

ಮರುಪ್ರಶ್ನೆ – ಕಡಲತಡಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೋಟೆಯ ಒಳಗಡೆ ಎತ್ತರವಾದ ವೀಕ್ಷಣಾ ಗೋಪುರವೊಂದಿದೆ. ಅದನ್ನು ಟಿಪ್ಪು ಕಟ್ಟಿಸಿದನೆನ್ನುತ್ತಾರೆ. ಕಾವಲುಗೋಪುರವು ಸಮುದ್ರದ ಅಂಚಿನಲ್ಲಿರದೆ ಒಳಗೆ ಇರುವುದೇಕೆ? ಇಷ್ಟು ದೊಡ್ಡ ಕೋಟೆಯನ್ನು ಕಗ್ಗಲ್ಲಿನಿಂದ ಕಟ್ಟದೆ ಮುರಕಲ್ಲಿನಿಂದ (ಜಂಬಿಟ್ಟಿಗೆ ಕಲ್ಲಿನಿಂದ) ಕಟ್ಟಿದ್ದು ದೌರ್ಬಲ್ಯವಲ್ಲವೇ?

ಉತ್ತರ – ಮುರಕಲ್ಲು

ಕಲ್ಲಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೆಲದೊಳಗಿರುವಾಗ ಮುರಕಲ್ಲು ಮೆತ್ತಗಿದ್ದು ಕೈಉಪಕರಣಗಳಿಂದಲೇ ಇಟ್ಟಿಗೆಯಂತೆ ಕಡಿದು ತೆಗೆಯಲು ಬರುತ್ತದೆ. ಗಾಳಿಗೆ ಒಡ್ಡಿದ ಮೇಲೆ ಅದರಲ್ಲಿರುವ ಕಬ್ಬಿಣದ ಅಂಶದಿಂದ ಗಟ್ಟಿಯಾಗುತ್ತದೆ. ಈ ಗುಣವನ್ನು ವಿವರಿಸಿ ಭೂವಿಜ್ಞಾನಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್, ಮಲಬಾರಿನಿಂದ ಕೆನರಾದ ಕಡೆಗೆ ಸಾಗುವಾಗ 1801ರಲ್ಲಿ ಬೇಕಲವನ್ನೂ ನೋಡಿ ಅದನ್ನು ಬಲವಾದ ಕೋಟೆಯೆಂದೇ ಬರೆದಿದ್ದಾನೆ. ಕಟ್ಟುವ ಜಾಗದ ಸುತ್ತಲೇ ಸಿಗುವ, ಬೇಗನೆ ಕಡಿಯಬಹುದಾದ ಕಲ್ಲು ಇರುವಾಗ ಕಗ್ಗಲ್ಲನ್ನು ಸಾಗಿಸಿ ತರುವುದು ಕಾಲಹರಣವಾಗುತ್ತಿತ್ತು. ಫಿರಂಗಿಯ ಗುಂಡು ಬಡಿದಾಗ ಕಗ್ಗಲ್ಲು ಸೀಳಿ ಚೂರುಗಳು ಸಿಡಿಯುತ್ತವೆ. ರಂಧ್ರಗಳಿಂದ ಕೂಡಿದ ಮುರಕಲ್ಲಿನ ದಪ್ಪ ಗೋಡೆಯಲ್ಲಿ ಪೆಟ್ಟು ಬಿದ್ದ ಜಾಗ ಕುಸಿದರೂ ಸಿಡಿಯುವುದು ಕಡಿಮೆ. ಅದರ ನಿಜವಾದ ಶತ್ರು ನಮ್ಮ ಮಳೆಗಾಲ. ಕಲ್ಲಿನ ಸಂದುಗಳಲ್ಲಿ ನೀರು ಇಳಿದು, ಗಿಡಗಳ ಬೇರು ಹೊಕ್ಕರೆ ಗೋಡೆ ಉಬ್ಬಿ ಬೀಳುತ್ತದೆ. ನಿಮಗೆ ಕಾಣುವ ಹೊಸ ದುರಸ್ತಿಯ ಪಟ್ಟಿಗಳು ಹೆಚ್ಚಾಗಿ ಅಂತಹ ಜಾಗಗಳವು.

ಆದರೆ ಟಿಪ್ಪು ಎಲ್ಲ ಕಡೆಯೂ ಮುರಕಲ್ಲನ್ನೇ ಬಳಸಲಿಲ್ಲ. ಮಂಗಳೂರಿನ ಬೋಳೂರಿನಲ್ಲಿ 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಕರಿಕಲ್ಲಿನದು. ಅದು ಗುರುಪುರ ಹೊಳೆಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ತಡೆಯುವ ಸಣ್ಣ ಕಾವಲುಕಟ್ಟೆ, ಅಡಿಯಲ್ಲೇ ಮದ್ದಿನ ಕೋಣೆ. ಅಂತಹ ಚಿಕ್ಕ ರಚನೆಗೆ ಸಾಧ್ಯವಾದದ್ದು ಇಲ್ಲಿನ ಉದ್ದದ ಗೋಡೆಗೆ ಸಾಧ್ಯವಿರಲಿಲ್ಲ.

ಗೋಪುರ ಒಳಗಿರುವುದಕ್ಕೆ ಕಾರಣ ಅದರ ಮೇಲೆ ಹತ್ತಿದರೆ ಗೊತ್ತಾಗುತ್ತದೆ. ಅಲ್ಲಿಂದ ಸಮುದ್ರ ಮಾತ್ರವಲ್ಲ, ಪಳ್ಳಿಕೆರೆ, ಕೋಟಿಕುಳಂ, ಕಾಞಂಗಾಡಿನ ಕಡೆಯ ನೆಲವೂ ಕಾಣುತ್ತದೆ. ಅಂಚಿನಲ್ಲಿದ್ದರೆ ಹಡಗಿನ ಫಿರಂಗಿಗೆ ಅದೇ ಮೊದಲ ಗುರಿಯಾಗುತ್ತಿತ್ತು. ಗೋಪುರಕ್ಕೆ ಮಾಡಿರುವ ಅಗಲವಾದ ಏರುದಾರಿಯನ್ನು ನೋಡಿದರೆ, ಮೇಲಕ್ಕೆ ಹೋಗುತ್ತಿದ್ದುದು ಕಾವಲುಗಾರ ಮಾತ್ರವಲ್ಲ, ಫಿರಂಗಿಯನ್ನೂ ಎಳೆದೊಯ್ಯುವ ಉದ್ದೇಶವಿತ್ತು ಎಂದು ನನಗೆ ತೋರುತ್ತದೆ.

ಇನ್ನೊಮ್ಮೆ ಹೋದಾಗ ಪಶ್ಚಿಮದಲ್ಲಿ ಮುಖ್ಯ ಗೋಡೆಯಿಂದ ಕೆಳಗೆ, ಕಡಲಿಗೆ ತೀರ ಸಮೀಪದಲ್ಲಿರುವ ಕೊತ್ತಳದವರೆಗೂ ಇಳಿದು ಹೋಗಿ ನೋಡಿ. ಮೇಲಿನ ಕಿಂಡಿಗಳಲ್ಲಿ ಕಂಡ ಮೂರು ಹಂತಗಳ ಲೆಕ್ಕ ಆ ಕೊತ್ತಳದಿಂದ ಹಿಂದಿರುಗಿ ಮೇಲೆ ನೋಡಿದಾಗ, ಅಂದರೆ ದಡಕ್ಕೆ ಇಳಿದ ಶತ್ರುವಿನ ಜಾಗದಿಂದ, ಹೆಚ್ಚು ಸ್ಪಷ್ಟವಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಆ ಬಂಡೆಗಳು ಪಾಚಿಗಟ್ಟಿ ಜಾರುವುದರಿಂದ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಸೂಕ್ತ.