‘ಮನಿ ಮಂದಿ’ ಗುಂಪಿನಲ್ಲಿ ಅನ್ಸಾರಿ ಫೋಟೊದ ಜಗಳ

ಭಾನುವಾರ, 19 ಜನವರಿ 2025

ಹುಬ್ಬಳ್ಳಿ ಕಾಕಾ: (ಫೋಟೊ) ಇಮ್ರಾನ್ ಅನ್ಸಾರಿ ಸಾಹೇಬರಿಗೆ ಭಾವಪೂರ್ಣ ಶ್ರದ್ಧಾಂಜಲಿ. ಮತ್ತೆ ಹುಟ್ಟಿ ಬನ್ನಿ.

ಗದಗ ಅತ್ತಿ: ಅಯ್ಯ ಶಿವನೇ, ಯಾರಣ್ಣಾ ಇವರು? ಪಾಪ, ಇನ್ನೂ ಸಣ್ಣ ವಯಸ್ಸು. ಯಾವಾಗ ಆಯ್ತು?

ಹಾವೇರಿ ವೈನಿ: ಖರೆ ಮನುಷ್ಯ ಅಲ್ಲ ಅತ್ತಿ, ಪಾತಾಳ್ ಲೋಕ್ ಸೀರೀಸ್‌ನಲ್ಲಿ ಬರುವ ಪೊಲೀಸ್. ಕಾಕಾ, ನಾನು ಇನ್ನೂ ಮೂರನೇ ಎಪಿಸೋಡ್‌ನಲ್ಲಿ ಇದ್ದೀನಿ!

ನಾನು: ಕಾಕಾ ಮೊದಲು ಅದನ್ನು ಡಿಲೀಟ್ ಮಾಡ್ರಿ. ಎರಡನೇ ಸೀಸನ್ ಮೊನ್ನೆ ಶುಕ್ರವಾರ ಬಂದಿದೆ, ಇವತ್ತಿನ್ನೂ ಭಾನುವಾರ. ನಾಲ್ಕೂವರೆ ವರ್ಷಕ್ಕಿಂತ ಜಾಸ್ತಿ ಕಾದಿದ್ದೇವೆ. ನೋಡುವ ಮೊದಲೇ ಯಾರು ಸಾಯ್ತಾರೆ ಅಂತ ಹೇಳಿಬಿಟ್ಟರೆ ಹೇಗೆ?

ಹುಬ್ಬಳ್ಳಿ ಕಾಕಾ: ತೆಗೆದೆ. ತಪ್ಪಾಯ್ತು. ಆದರೆ ಸಿಟ್ಟು ಹೋಗಿಲ್ಲ. ಮೊದಲ ಸೀಸನ್ 2020ರ ಮೇ ತಿಂಗಳಲ್ಲಿ ಬಂದಾಗ ಲಾಕ್‌ಡೌನ್, ಅಂಗಡಿ ಬಾಗಿಲು ಹಾಕಿತ್ತು, ಒಂಬತ್ತೂ ಎಪಿಸೋಡ್ ಕೂತಲ್ಲೇ ಮುಗಿಸಿದ್ದೆ. ಅದರಲ್ಲಿನ ಕೊಲೆಗಾರ ಹಥೋಡಾ ತ್ಯಾಗಿ ಮಾತೇ ಆಡಲ್ಲ, ಸುಮ್ನೆ ನೋಡ್ತಾನೆ, ಅಷ್ಟಕ್ಕೇ ಮೈ ಜುಂ ಅಂತಿತ್ತು. ಈ ಸಲ ಅಂಥವನು ಒಬ್ಬನಾದರೂ ಇದ್ದಾನಾ? ದಿಲ್ಲಿ ಬಿಟ್ಟು ನಾಗಾಲ್ಯಾಂಡ್‌ಗೆ ಹೋದರು. ಅರ್ಧ ಮಾತು ಅಲ್ಲಿಯ ಭಾಷೆ, ಕೆಳಗೆ ಸಣ್ಣ ಅಕ್ಷರ. ಅಕ್ಷರ ಓದಿದರೆ ಮುಖ ತಪ್ಪುತ್ತೆ, ಮುಖ ನೋಡಿದರೆ ಅಕ್ಷರ ತಪ್ಪುತ್ತೆ. ಅದರ ಮೇಲೆ ಅನ್ಸಾರಿಯನ್ನೂ ಅರ್ಧಕ್ಕೇ ಮುಗಿಸಿದರು. ನಾನು ಐದಕ್ಕೇ ಟಿವಿ ಬಂದ್ ಮಾಡಿ ಮಲಗಿದೆ.

ಹಾವೇರಿ ವೈನಿ: ಹೆಸರುಗಳೂ ಜಾಸ್ತಿ, ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯೋದರಲ್ಲಿ ಒಂದು ಎಪಿಸೋಡ್ ಹೋಯ್ತು. ಆದರೆ ತಿಲೋತ್ತಮಾ ಶೋಮ್ ಎಸ್ಪಿ ಪಾತ್ರ ಮಾಡಿದ್ದಾರಲ್ಲ, ಮೇಘನಾ ಬರುವಾ, ಅದು ಬಾಳ ಛಲೋ ಇದೆ.

ನಾನು: ಕಾಕಾ, ಭಾಷೆ ವಿಷಯಕ್ಕೆ ನಾನು ಒಪ್ಪಲ್ಲ. ನಾಗಾಲ್ಯಾಂಡ್‌ನಲ್ಲಿ ಅಂಗಾಮಿಗಳಿಗೆ ಒಂದು ಭಾಷೆ, ಆವೊಗಳಿಗೆ ಇನ್ನೊಂದು, ಹಂಗೆ ಪ್ರತಿ ಬುಡಕಟ್ಟಿಗೂ ಬೇರೆ ಬೇರೆ. ಒಬ್ಬರಿಗೊಬ್ಬರು ಮಾತಾಡೋಕೆ ನಾಗಾಮೀಸ್ ಬೇಕು, ಅಸ್ಸಾಮಿಯಿಂದ ಬೆಳೆದ ಸಂತೆ ಮಾತು ಅದು. ಅಲ್ಲಿಯವರ ಬಾಯಲ್ಲಿ ಬರೀ ಹಿಂದಿ ಹಾಕಿದ್ದರೆ ನಂಬೋಕೆ ಆಗ್ತಿತ್ತಾ? ಧಾರವಾಡದ ಕತೆ ಅಂತ ಹೇಳಿ, ಸುಭಾಸ್ ರೋಡಲ್ಲಿ ಕಾಯಿಪಲ್ಲೆ ಮಾರುವವಳ ಬಾಯಲ್ಲಿ ಬೆಂಗಳೂರು ಮಾತು ಹಾಕಿದರೆ ಟಿವಿ ಮುಂದೆ ಮೊದಲು ಬಯ್ಯೋರು ನೀವೇ. ಹೋದ ವರ್ಷ ಆ ಸಿನಿಮಾ ನೋಡುವಾಗ ಬೈದಿದ್ದೀರಿ ಕೂಡ. ಮತ್ತೆ ನಮ್ಮ ಹೀರೋ, ದಿಲ್ಲಿ ಪೊಲೀಸ್ ಹಾಥಿರಾಮ್‌ಗೂ ಆ ಭಾಷೆ ಬರಲ್ಲ ಅಲ್ವಾ? ಎಲ್ಲರೂ ಏನೋ ಮಾತಾಡ್ತಾರೆ, ಅವನು ಮುಖ ನೋಡ್ಕೊಂಡು ನಿಲ್ತಾನೆ. ಜೈದೀಪ್ ಅಹ್ಲಾವತ್ ಆ ನಿಲ್ಲೋದನ್ನೇ ಎಷ್ಟು ಚೆನ್ನಾಗಿ ಮಾಡಿದ್ದಾರೆ. ನಾವೂ ಅವನ ಜೊತೆ ಪರದೇಶಿ ಆಗ್ತೀವಿ, ನನಗೆ ಅದೇ ಹಿಡಿಸಿತು.

ಹುಬ್ಬಳ್ಳಿ ಕಾಕಾ: ಆ ಸಿನಿಮಾಕ್ಕೆ ಬೈದದ್ದು ಖರೆ. ಸರಿ, ಭಾಷೆ ಬಿಡು. ವಿಲನ್ ಎಲ್ಲಿ?

ನಾನು: ಒಬ್ಬ ವಿಲನ್ ಇಲ್ಲ, ಅದಕ್ಕೇ ಭಯ ಜಾಸ್ತಿ. ಅಂಕಲ್ ಕೆನ್ ಆಗಿ ಬರುವವರು ಜಾನು ಬರುವಾ, ಅಸ್ಸಾಮಿಯ ದೊಡ್ಡ ನಿರ್ದೇಶಕರು. ಕಪಿಲ್ ರೆಡ್ಡಿ ಪಾತ್ರ ಮಾಡಿದ ನಾಗೇಶ್ ಕುಕುನೂರ್ ಕೂಡ ನಿರ್ದೇಶಕರೇ. ಇಬ್ಬರೂ ದನಿ ಎತ್ತದೆ ಮಾತಾಡ್ತಾರೆ, ಊರ ಹಿರಿಯರು ಕೂತಂಗೆ ಕೂತಿರ್ತಾರೆ. ಇನ್ನು ಬಂದೂಕು ಹಿಡಿದು ಬರುವ ಡೇನಿಯಲ್ ಯಾರು ಗೊತ್ತಾ? ಪ್ರಶಾಂತ್ ತಮಾಂಗ್. 2007ರಲ್ಲಿ ಇಂಡಿಯನ್ ಐಡಲ್ ಗೆದ್ದವರು.

ಗದಗ ಅತ್ತಿ: ಆ ಡಾರ್ಜಿಲಿಂಗ್ ಹುಡುಗನಾ? ಕೋಲ್ಕತ್ತಾ ಪೊಲೀಸ್‌ನಲ್ಲಿ ಇದ್ದವನು? ಅವನಿಗೆ ನಾನು ನಿಮ್ಮ ಮಾಮಾನ ಮೊಬೈಲ್‌ನಿಂದ ಎಸ್ಸೆಮ್ಮೆಸ್ ಓಟು ಹಾಕಿದ್ದೆ. ಕೊಲೆಗಾರ ಆಗಿದ್ದಾನಾ? ನಾನು ಇವತ್ತೇ ನೋಡ್ತೀನಿ.

ಹುಬ್ಬಳ್ಳಿ ಕಾಕಾ: ಯವ್ವಾ, ನೀನು ಎಷ್ಟೇ ಹೇಳು, ಕತೆ ಎಳೆದಿದ್ದಾರೆ. ನಾಗಾ ನಾಯಕ ಜೊನಾಥನ್ ಥಾಮ್‌ನನ್ನು ದಿಲ್ಲಿಯಲ್ಲಿ ತಲೆ ಕಡಿದು ಕೊಂದಿದ್ದಾರೆ. ಅಷ್ಟು ದೊಡ್ಡ ಕೇಸು ಅನ್ಸಾರಿ ಕೈಯಲ್ಲಿ. ಇವನು ಹಾಥಿರಾಮ್ ಕಾಣೆಯಾದ ಒಬ್ಬ ರಘು ಪಾಸ್ವಾನ್ ಅಂತ ಹುಡುಕ್ತಾ ಕೂತಿದ್ದಾನೆ. ಯಾರಿಗೆ ಬೇಕು ಅದು? ಸೀದಾ ಕೊಲೆಯಿಂದ ಶುರು ಮಾಡಬೇಕಿತ್ತು. ಎಂಟು ಎಪಿಸೋಡ್ ಬದಲು ಆರಕ್ಕೆ ಮುಗೀತಿತ್ತು.

ನಾನು: ‘ಯಾರಿಗೆ ಬೇಕು’ ಅಂದ್ರಲ್ಲ, ಇಡೀ ಸೀಸನ್ ಇರೋದೇ ಆ ಮಾತಿನ ಮೇಲೆ ಕಾಕಾ. ಮೊದಲ ಸೀಸನ್‌ಗೆ ಒಂದು ಕಾದಂಬರಿಯ ಆಧಾರ ಇತ್ತು. ಇದನ್ನು ಸುದೀಪ್ ಶರ್ಮಾ ಮತ್ತು ಅವರ ಜೊತೆಯವರು ಹೊಸದಾಗಿ ಬರೆದರು. ಬೇಕಿದ್ದರೆ ಇನ್ನೊಬ್ಬ ತ್ಯಾಗಿಯನ್ನು ತಂದು ನಿಲ್ಲಿಸಬಹುದಿತ್ತು, ಮಂದಿ ಚಪ್ಪಾಳೆ ಹೊಡೀತಿದ್ದರು. ಅದರ ಬದಲು ಹೇಳಹೆಸರಿಲ್ಲದ ಒಬ್ಬ ಬಡವನನ್ನು ಹುಡುಕೋದರಿಂದ ಶುರು ಮಾಡಿದರು. ಅನ್ಸಾರಿ ಮೊದಲು ಹಾಥಿರಾಮ್ ಕೈಕೆಳಗೆ ಕೆಲಸ ಮಾಡ್ತಾ ಯುಪಿಎಸ್‌ಸಿ ಓದ್ತಿದ್ದ, ಈಗ ಐಪಿಎಸ್. ಹಾಥಿರಾಮ್ ಅದೇ ಇನ್‌ಸ್ಪೆಕ್ಟರ್, ಅದೇ ಜಮುನಾಪಾರ್ ಠಾಣೆ. ಅನ್ಸಾರಿಗೆ ಸಿಕ್ಕಿದ್ದು ಪೇಪರ್‌ನಲ್ಲಿ ಬರುವ ಕೊಲೆ, ಇವನಿಗೆ ಸಿಕ್ಕಿದ್ದು ಯಾರೂ ಕೇಳದ ಕೇಸು. ಆದರೂ ಅವನು ಬಿಡಲ್ಲ. ಕೊನೆಗೆ ಎರಡೂ ದಾರಿ ಒಂದೇ ಕಡೆ ಹೋಗ್ತಾವೆ. ಆ ಬಡವನ ಕೇಸು ತೆಗೆದುಬಿಟ್ಟರೆ ಉಳಿಯೋದು ಬರೀ ಗುಂಡಿನ ಸಪ್ಪಳ. ಅಪ್ಪಾ, ನೀವಾದರೂ ಹೇಳ್ರಿ. ನನ್ನ ಜೊತೆನೇ ಎಂಟೂ ಎಪಿಸೋಡ್ ನೋಡಿದ್ದೀರಿ, ಒಂದು ಮಾತೂ ಆಡಿಲ್ಲ.

ಅಪ್ಪ: ಟೈಪ್ ಮಾಡೋದು ತಡ ಆಗುತ್ತೆ, ತಡೀರಿ.

ಅಪ್ಪ: ತಮ್ಮಾ, ಕೊಲೆ ಆದರೆ ಸಾಹೇಬರು ಬರ್ತಾರೆ, ನಾಯಿ ಬರುತ್ತೆ, ಬೆರಳಚ್ಚಿನವರು ಬರ್ತಾರೆ, ಪೇಪರ್‌ನವರು ಬರ್ತಾರೆ. ಕಾಣೆಯಾದರೆ ತಾಯಿ ಒಬ್ಬಳೇ ಬರ್ತಾಳೆ. ನಾನು ಹವಾಲ್ದಾರ್ ಇದ್ದಾಗ ನವಲಗುಂದ ಕಡೆಯಿಂದ ಒಬ್ಬಳು ಪ್ರತಿ ಮಂಗಳವಾರ ಬಸ್ ಹಿಡಿದು ಬರ್ತಿದ್ದಳು. ಹದಿನೇಳು ವರ್ಷದ ಮಗ, ನಮ್ಮ ಠಾಣೆ ಹದ್ದಿಯಲ್ಲಿ ಕೆಲಸಕ್ಕಿದ್ದ, ಒಂದು ದಿನ ಇಲ್ಲ. ಅವನದು ಒಂದೇ ಫೋಟೊ ಇತ್ತು, ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿದ್ದು. ಹೆಗಲ ಮೇಲೆ ಪಕ್ಕದವನ ನಾಲ್ಕು ಬೆರಳು ಹಾಗೇ ಉಳಿದಿತ್ತು. ಅದನ್ನೇ ಹಾಕಿ ಪಾಂಪ್ಲೆಟ್ ಮಾಡಿಸಿ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ನಲ್ಲಿ ಅಂಟಿಸಿದೆವು. ವೈರ್‌ಲೆಸ್ ಮೆಸೇಜ್ ಕೊಟ್ಟೆವು. ಆಮೇಲೆ ಗಣಪತಿ ಬಂದೋಬಸ್ತ್ ಬಂತು, ಅದರ ಹಿಂದೆ ಎಲೆಕ್ಷನ್ ಬಂದೋಬಸ್ತ್. ಫೈಲು ಕೆಳಗೆ ಹೋಯಿತು. ಅವಳು ಮಾತ್ರ ಬರೋದು ಬಿಡಲಿಲ್ಲ.

ಅಪ್ಪ: ಹನ್ನೊಂದು ತಿಂಗಳಾದ ಮೇಲೆ ಹುಡುಗ ತಾನೇ ಬಂದ. ಗೋವಾದ ಹೋಟೆಲ್ ಒಂದರಲ್ಲಿ ಪಾತ್ರೆ ತೊಳೀತಿದ್ದನಂತೆ. ಅವಳು ಒಂದು ಕಿಲೊ ಪೇಡೆ ತಂದು ಠಾಣೆಯವರಿಗೆಲ್ಲ ಕೊಟ್ಟಳು, ನನ್ನ ಕೈಗೆ ಎರಡು ಇಟ್ಟಳು. ನನಗೆ ತಿನ್ನೋಕೆ ಆಗಲಿಲ್ಲ. ನಾನು ಹುಡುಕಿರಲೇ ಇಲ್ಲ. ಈ ಹಾಥಿರಾಮ್ ಹುಡುಕಿಕೊಂಡು ಅಷ್ಟು ದೂರ ಹೋಗ್ತಾನಲ್ಲ, ಅದನ್ನು ನೋಡುವಾಗ ಅದೇ ನೆನಪಾಯ್ತು. ಅದಕ್ಕೇ ಮಾತಾಡಿರಲಿಲ್ಲ.

ಗದಗ ಅತ್ತಿ: ಅಣ್ಣಾ 🙏

ಹುಬ್ಬಳ್ಳಿ ಕಾಕಾ: ಅಣ್ಣಾ, ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ ಇದು ನನಗೆ ಗೊತ್ತೇ ಇರಲಿಲ್ಲ.

ಹುಬ್ಬಳ್ಳಿ ಕಾಕಾ: ಆದರೆ ಅನ್ಸಾರಿ ವಿಷಯದಲ್ಲಿ ನನ್ನ ಮಾತು ಅದೇ. ಅವನನ್ನು ಸಾಯಿಸಬಾರದಿತ್ತು.

ಅಪ್ಪ: ಅದು ನನಗೂ ಆಗಿಬರಲಿಲ್ಲ ತಮ್ಮಾ. ಛಲೋ ಅಧಿಕಾರಿ.

ಹುಬ್ಬಳ್ಳಿ ಕಾಕಾ: ಇನ್ನು ಮೂರು ಎಪಿಸೋಡ್ ಉಳಿದಿದೆ. ಟಿವಿಯಲ್ಲಿ ಆ ಕೆಳಗಿನ ಅಕ್ಷರ ದೊಡ್ಡದು ಮಾಡೋದು ಹೇಗೆ, ಯಾರಿಗಾದರೂ ಗೊತ್ತಾ?

ನಾನು: ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಇರುತ್ತೆ ಕಾಕಾ. ಸಂಜೆ ಬಂದು ಮಾಡಿಕೊಡ್ತೀನಿ.